ಮೊಂಗೊಂಗೊ ಮರ

ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಕಲಹಾರಿ ಎಂಬ ವಿಶಾಲವಾದ ಮರಳುಸೀಮೆಯುಂಟು. ಅದರ ಉತ್ತರದ ಕಡೆ, ಎಂದರೆ ಈಗಿನ ಬೋಟ್ಸ್ವಾನಾ, ನಮೀಬಿಯಾ, ಅಂಗೋಲಾ, ಜಾಂಬಿಯಾ ದೇಶಗಳಲ್ಲಿ, ಮರಳುದಿಣ್ಣೆಗಳ ಮೇಲೆ ತೋಪುತೋಪಾಗಿ ಬೆಳೆಯುವ ಮರವೊಂದಕ್ಕೆ ಮೊಂಗೊಂಗೊ ಅಥವಾ ಮಂಕೆಟ್ಟಿ ಎಂದು ಹೆಸರು. ಇದು ನಮ್ಮ ರೈತರು ಚೆನ್ನಾಗಿ ಬಲ್ಲ ಹರಳು ಗಿಡದ ಕುಟುಂಬಕ್ಕೆ ಸೇರಿದುದು. ಸಸ್ಯಶಾಸ್ತ್ರಜ್ಞರು ಮೊದಲು ಇದಕ್ಕೆ ಕೊಟ್ಟಿದ್ದ ರಿಸಿನೊಡೆಂಡ್ರಾನ್ ಎಂಬ ಹೆಸರಿಗೆ ಹರಳುಮರವೆಂದೇ ಅರ್ಥ. ಆದರೆ ಹರಳು ಬೀಜವು ವಿಷ. ಇದರ ಬೀಜವಾದರೋ ಜನರ ಪ್ರಾಣವನ್ನು ಉಳಿಸಿದುದು.

ಮರವು 50-60 ಅಡಿ ಎತ್ತರ ಬೆಳೆಯುವುದು. ಮರಮುಟ್ಟು ಬಲು ಹಗುರ. ಮೊಟ್ಟೆಯಾಕಾರದ ಕಾಯಿಗಳು ಹಸುರಾಗಿರುವಾಗಲೇ ಉದುರಿ ನೆಲದ ಮೇಲೆ ಹಣ್ಣಾಗುವುವು. ಹಣ್ಣಿನ ತಿರುಳು ತೆಳು, ಆದರೆ ಸಿಹಿ. ಒಳಗಿನ ಓಟೆ ಬಹು ಗಡುಸಾದುದರಿಂದ ಬೀಜವು ಬಹುಕಾಲ ಕೆಡದೆ ಮರದ ಬುಡದಲ್ಲಿಯೇ ಬಿದ್ದಿರುವುದು, ಕಣಜ ಬೇಕಿಲ್ಲ. ಆನೆಗಳು ಹಣ್ಣನ್ನು ನುಂಗಿದರೂ ಓಟೆ ಜೀರ್ಣವಾಗದು. ಲದ್ದಿಯಿಂದ ಅದನ್ನು ಆಯ್ದುಕೊಳ್ಳುವುದೂ ಉಂಟು. ಓಟೆಗಳನ್ನು ಬಿಸಿ ಬೂದಿಯಲ್ಲಿ ಹುರಿದು, ಎರಡು ಕಲ್ಲುಗಳ ನಡುವೆ ಇಟ್ಟು ಒಡೆದು ಬೀಜವನ್ನು ತೆಗೆಯುವರು. ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೂ ಸುಮಾರು ಕಾಲುಭಾಗ ಸಸಾರಜನಕವೂ ಇರುವುವು.

ಇದರ ಬೆಲೆ ತಿಳಿಯಬೇಕಾದರೆ 1964ನೆಯ ಇಸವಿಯ ಕ್ಷಾಮವನ್ನು ನೋಡತಕ್ಕದ್ದು. ಆಗ ಬೆಚುವಾನಾಲ್ಯಾಂಡ್ ಎನಿಸಿಕೊಂಡಿದ್ದ ಬೋಟ್ಸ್ವಾನಾದಲ್ಲಿ ಮೂರು ವರ್ಷ ಒಂದೇ ಸಮನೆ ಬೆಳೆ ಹೋಯಿತು. ಒಂದು ಲಕ್ಷಕ್ಕೆ ಮೇಲ್ಪಟ್ಟು ದನಗಳು ಸತ್ತುವು. 1,80,000 ಜನರಿಗೆ ಹೊರಗಿನಿಂದ ಆಹಾರ ಒದಗಿಸಬೇಕಾಯಿತು. ಡೋಬೆ ಎಂಬ ಪ್ರಾಂತ್ಯಕ್ಕೆ ಆ ನೆರವು ತಲಪಲಿಲ್ಲ. ಅಲ್ಲಿ ಬೇಟೆಯಿಂದಲೂ ಅಡವಿಯ ಬೀಜ ಗೆಡ್ಡೆಗಳಿಂದಲೂ ಜೀವಿಸುತ್ತಿದ್ದ ಕುಂಗ್ ಜನರನ್ನು ಆ ವರ್ಷಗಳಲ್ಲಿ ರಿಚರ್ಡ್ ಲೀ ಎಂಬ ವಿದ್ವಾಂಸರು ಅಳೆದು ತೂಗಿ ಪರೀಕ್ಷಿಸಿದರು. ಆಳೊಂದಕ್ಕೆ ದಿನಕ್ಕೆ ಸುಮಾರು 300 ಬೀಜಗಳ ಖರ್ಚು. ತೂಕ ಏಳೂವರೆ ಔನ್ಸು ಮಾತ್ರ, ಶಕ್ತಿಯಾದರೋ ಎರಡೂವರೆ ಪೌಂಡು ಅನ್ನಕ್ಕೆ ಸಮ. ಪೈರನ್ನೂ ದನವನ್ನೂ ನಂಬಿದ್ದ ಹೆರೆರೊ ಮತ್ತು ಟ್ಸ್ವಾನಾ ಹೆಂಗಸರು ಕುಂಗ್ ಹೆಂಗಸರ ಜೊತೆಗೂಡಿ ಅಡವಿಗೆ ಹೋಗಿ ಮನೆಮಂದಿಯನ್ನು ಸಾಕಿದರು.

ಆದರೆ ಈ ಆಹಾರವು ಶ್ರಮವಿಲ್ಲದೆ ದೊರೆಯುವುದೆಂದು ಭಾವಿಸಬಾರದು. ತೋಪುಗಳಿರುವಲ್ಲಿ ನೀರಿಲ್ಲ, ನೀರಿರುವಲ್ಲಿ ತೋಪುಗಳಿಲ್ಲ. ಬೇಸಗೆಯಲ್ಲಿ ಜನರು ನೀರಿನ ಹಳ್ಳಗಳನ್ನು ಬಿಟ್ಟು ದೂರ ಇರಲಾರರು. ಹತ್ತಿರದ ಬೀಜ ತೀರಿದಂತೆಲ್ಲ ನಡಿಗೆ ಹೆಚ್ಚುವುದು, ಹೊರೆಯನ್ನು ಹೊತ್ತು ತರುವುದೂ ಕಷ್ಟವಾಗುವುದು.

ಬೇಸಾಯಕ್ಕೂ ಈ ಮರವು ಸುಲಭವಾಗಿ ಒಗ್ಗತಕ್ಕದ್ದಲ್ಲ. ಬೀಜ ಬೇಗ ಮೊಳೆಯದು. ಸಸಿ ಫಲಕ್ಕೆ ಬರಲು ಬಹು ವರ್ಷಗಳು ಹಿಡಿಯುವುವು. ಮೇಲಾಗಿ, ನಮ್ಮ ತಾಳೆಯಂತೆ ಗಂಡು ಹೆಣ್ಣು ಮರಗಳು ಬೇರೆ ಬೇರೆ. ಹೂ ಬಿಡುವವರೆಗೆ ಯಾವುದು ಯಾವುದೆಂದು ತಿಳಿಯದು. ಕಾಯಿ ಬಿಡದೆಂದು ಗಂಡು ಮರಗಳನ್ನೆಲ್ಲ ಕಡಿದರೆ ತೋಪೇ ಬರಡಾಗುವುದು. ದಪ್ಪ ಕೊಂಬೆಗಳನ್ನು ಕಡಿದು ನೆಟ್ಟರೂ ಬೇರೂರುವುದರಿಂದ, ಕಾಯಿ ಬಿಟ್ಟ ಮರವನ್ನು ಗುರುತಿಸಿ ಅದರ ಕೊಂಬೆಯನ್ನೇ ನೆಡುವುದು ಮೇಲು.