ಸೈಕಲ್ಲಿನ ದೂರಮಾಪಕ

“ಇನ್ನೆಷ್ಟು ದೂರ?” ಎಂಬುದು ದಾರಿಹೋಕರ ಬಹು ಹಳೆಯ ಪ್ರಶ್ನೆ. “ಇಗೋ, ಇಲ್ಲೇ, ಒಂದು ಕೂಗಳತೆ” ಎಂಬ ಉತ್ತರವೂ ಅಷ್ಟೇ ಹಳೆಯದು. ಆದರೆ ಕೂಗುವವನ ಕೊರಳಾಗಲಿ ನಡೆಯುವವನ ಹೆಜ್ಜೆಯಾಗಲಿ ಎಲ್ಲರಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಆದುದರಿಂದ ಒಬ್ಬನ ಕೂಗಳತೆ ಮತ್ತೊಬ್ಬನಿಗೆ ಅರ್ಧ ಹರಿದಾರಿಯಾಗಿ ತೋರುವುದುಂಟು. ಗಾಲಿಯ ಸ್ವಭಾವವು ಹಾಗಲ್ಲ. ಅದು ಒಂದು ಸುತ್ತು ಉರುಳಿದಾಗ ತನ್ನ ಪರಿಧಿಯಷ್ಟು ನೆಲವನ್ನು ಕ್ರಮಿಸುತ್ತದೆ. ಈ ಒಂದು ಗುಣವನ್ನು ನೆಚ್ಚಿಕೊಂಡು ನಿರ್ಮಿತವಾದ ಪುಟ್ಟ ಯಂತ್ರವೇ ಸೈಕ್ಲೋಮೀಟರು, ಎಂದರೆ ಸೈಕಲ್ಲಿನ ದೂರಮಾಪಕ. ಹಿಂದೆ ಅನೇಕ ಸೈಕಲ್ಲುಗಳ ಮುಂಗಾಲಿಯ ಅಚ್ಚಿನ ಬಳಿ ಕಾಣುತ್ತಿದ್ದ ಈ ಯಂತ್ರವು ಈಗ ಅಪರೂಪವಾಗಿದೆ. ಅದರ ರಚನೆಯನ್ನೂ, ಅದು ನಮಗೆ ಕಲಿಸುವ ಒಂದು ಪಾಠವನ್ನೂ ಇಲ್ಲಿ ವಿವರಿಸಲು ಯತ್ನಿಸುವೆವು.

ಗಾಲಿಯಿಂದ ದೂರವನ್ನು ಅಳೆಯುವ ಯೋಚನೆ ಸೈಕಲ್ಲಿಗಿಂತ ಬಹು ಪುರಾತನವಾದುದು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಬಾಳಿದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಹತ್ತನೆಯ ಭಾಗದಲ್ಲಿ ಇಂತಹ ಒಂದು ಗಾಡಿಯನ್ನು ವರ್ಣಿಸಿದ್ದಾನೆ. ಅದರ ಗಾಲಿಯು ಒಂದು ಸುತ್ತಿಗೆ ಹನ್ನೆರಡೂವರೆ ಅಡಿ ಸಾಗುವುದು. 400 ಸುತ್ತುಗಳಿಗೆ 5000 ಅಡಿ, ಅಂದರೆ ಒಂದು ರೋಮನ್ ಮೈಲಿ ಮುಗಿಯುವುದು. ಆಗ ಹಲ್ಲುಗಾಲಿಗಳ ಚಲನೆಯಿಂದ ಒಂದು ಕಲ್ಲುಹರಳು ಸದ್ದುಮಾಡುತ್ತ ಕಂಚಿನ ಪಾತ್ರೆಗೆ ಬೀಳುವುದು. ಊರು ಸೇರಿದ ಮೇಲೆ ಹರಳುಗಳನ್ನೆಣಿಸಿದರೆ ಎಷ್ಟು ಮೈಲಿ ಬಂದೆವೆಂಬುದು ತಿಳಿಯುವುದು.

ಸೈಕಲ್ಲಿನ ಸವಾರಿ ಜನಪ್ರಿಯವಾದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಹಳೆಯ ಯೋಚನೆಯು ಹೊಸ ರೂಪವನ್ನು ತಳೆಯಿತು. ಅಮೆರಿಕದ ಹಾರ್ಟ್‌ಫರ್ಡ್ ನಗರದ ಕರ್ಟಿಸ್ ವೀಡರ್ ಎಂಬವರು 1895ರಲ್ಲಿ ತಮ್ಮ ಹೆಸರಿನ ಕಂಪೆನಿಯನ್ನು ಸ್ಥಾಪಿಸಿ, ಹೆಬ್ಬೆರಳಿನಷ್ಟು ಚಿಕ್ಕದಾದ ಸೈಕ್ಲೋಮೀಟರನ್ನು ಮಾರಾಟಕ್ಕೆ ತಂದರು. ಮುಂದೆ ವೀಡರ್-ರೂಟ್ ಎಂದು ಹೆಸರಾದ ಆ ಸಂಸ್ಥೆಯ ಅಂಕಿಯ ಉರುಳೆಗಳೇ ಪೆಟ್ರೋಲ್ ಪಂಪುಗಳಲ್ಲಿಯೂ ತಿರುಗಿದವು.

ಇನ್ನು ಯಂತ್ರದ ಒಳಗನ್ನು ನೋಡೋಣ. ಮುಂಗಾಲಿಯ ಒಂದು ಕಡ್ಡಿಗೆ ಸಣ್ಣದೊಂದು ಗೂಟವನ್ನು ಬಿಗಿದಿರುತ್ತಾರೆ. ಗಾಲಿ ಒಂದು ಸುತ್ತು ತಿರುಗಿದಾಗಲೆಲ್ಲ ಆ ಗೂಟವು ಯಂತ್ರದ ಹೊರಗೆ ಚಾಚಿಕೊಂಡಿರುವ ನಕ್ಷತ್ರಾಕಾರದ ಚಕ್ರವನ್ನು ಒಮ್ಮೆ ತಟ್ಟುವುದು. ಈ ಚಕ್ರಕ್ಕೆ ಸಾಮಾನ್ಯವಾಗಿ ಐದು ಮೊನೆಗಳು. ಒಂದು ತಟ್ಟಿಗೆ ಒಂದು ಮೊನೆ ಸರಿಯುವುದರಿಂದ, ಗಾಲಿಯ ಐದು ಸುತ್ತಿಗೆ ನಕ್ಷತ್ರಚಕ್ರದ ಒಂದು ಸುತ್ತು. ಸವಾರಿಯ ವೇಳೆ ಕೇಳುತ್ತಿದ್ದ “ಟಿಕ್ ಟಿಕ್” ಎಂಬ ಸದ್ದು ಇದರದೇ.

ಈಗ ವಿದ್ಯಾರ್ಥಿಗಳು ಸ್ಲೇಟನ್ನೋ ಕಾಗದವನ್ನೋ ಕೈಗೆತ್ತಿಕೊಳ್ಳಲಿ. 28 ಅಂಗುಲ ವ್ಯಾಸದ ಗಾಲಿಯ ಪರಿಧಿಯೆಷ್ಟು? 28ನ್ನು 22ರಿಂದ ಗುಣಿಸಿ 7ರಿಂದ ಭಾಗಿಸಿದರೆ 88 ಅಂಗುಲ. ಒಂದು ಮೈಲಿಗೆ 63,360 ಅಂಗುಲಗಳು. ಅದನ್ನು 88ರಿಂದ ಭಾಗಿಸಿದರೆ ಶೇಷವಿಲ್ಲದೆ 720 ಬರುತ್ತದೆ. ಗಾಲಿಯ 720 ಸುತ್ತಿಗೆ ನಕ್ಷತ್ರಚಕ್ರದ 144 ಸುತ್ತುಗಳಾಗುವುವು. ಒಳಗಿನ ಹಲ್ಲುಗಾಲಿಗಳು ಈ 144ನ್ನು ಒಂದಕ್ಕಿಳಿಸಿ, ಮೈಲಿಯ ಹತ್ತನೆಯ ಭಾಗಗಳನ್ನು ತೋರುವ ಬಲತುದಿಯ ಉರುಳೆಯನ್ನು ಒಂದು ಸುತ್ತು ತಿರುಗಿಸುವುವು. ಅದು ಒಂಬತ್ತರಿಂದ ಸೊನ್ನೆಗೆ ಬರುವಾಗ ಅದರ ಮೈಮೇಲಿನ ಹಲ್ಲು ಎಡಗಡೆಯ ಉರುಳೆಯನ್ನು ಒಂದು ಅಂಕಿಯಷ್ಟು ತಳ್ಳುತ್ತದೆ. ಕೂಡುವ ಲೆಕ್ಕದಲ್ಲಿ ನಾವು “ದಶಕ” ತೆಗೆದುಕೊಳ್ಳುವ ಕ್ರಮವೇ ಇದು. ಇಲ್ಲಿ ಲೋಹವು ಆ ಲೆಕ್ಕವನ್ನು ಮಾಡುತ್ತದೆ.

ಇಷ್ಟು ತಿಳಿದ ಮೇಲೆ ಒಂದು ಮುಖ್ಯ ಸಂಗತಿ ತಾನಾಗಿ ಹೊಳೆಯುವುದು. ಈ ಯಂತ್ರಕ್ಕೆ ದೂರವೆಂದರೇನೆಂಬುದು ತಿಳಿಯದು; ಅದು ಸುತ್ತುಗಳನ್ನು ಮಾತ್ರ ಎಣಿಸಬಲ್ಲುದು. 28 ಅಂಗುಲದ ಗಾಲಿಗಾಗಿ ಮಾಡಿದುದನ್ನು 26 ಅಂಗುಲದ ಗಾಲಿಗೆ ಕಟ್ಟಿದರೆ, ಅದು ಎಂದಿನಂತೆ 720 ಸುತ್ತಿಗೆ ಒಂದು ಮೈಲಿ ಎಂದೇ ತೋರಿಸುತ್ತದೆ. ನಾವು 13 ಮೈಲಿ ಸಾಗಿದಾಗ ಅದರಲ್ಲಿ 14 ಎಂದಿರುತ್ತದೆ. ಎಣಿಕೆಯಲ್ಲಿ ಒಂದು ಸುತ್ತೂ ತಪ್ಪಿಲ್ಲ, ಆದರೂ ಉತ್ತರ ಸುಳ್ಳು! ಟಯರಿನ ಗಾಳಿ ಕಡಿಮೆಯಾದರೆ ಗಾಲಿಯು ತಗ್ಗಿ, ಒಂದು ಸುತ್ತಿಗೆ ಸಾಗುವ ನೆಲವೂ ತುಸು ಕಡಿಮೆಯಾಗುವುದು. ಇಂದಿನ ವಿದ್ಯುನ್ಮಾನ ಮಾಪಕಗಳಲ್ಲಿ ಗೂಟದ ಬದಲು ಕಡ್ಡಿಗೆ ಅಯಸ್ಕಾಂತವಿರುತ್ತದೆ. ಗಾಲಿಯ ಪರಿಧಿಯನ್ನು ಸವಾರನೇ ಅದಕ್ಕೆ ತಿಳಿಸಬೇಕು. ತಪ್ಪಾಗಿ ತಿಳಿಸಿದರೆ ಅವೂ ತಪ್ಪನ್ನೇ ಹೇಳುತ್ತವೆ.

ಯಂತ್ರವಿಲ್ಲದೆಯೂ ಈ ಪ್ರಯೋಗವನ್ನು ಮಾಡಬಹುದು. ಟಯರಿಗೆ ಸರಿಯಾಗಿ ಗಾಳಿ ತುಂಬಿಸಿ, ಮುಂಗಾಲಿಯ ವಾಲ್ವು ನೆಲದ ಕಡೆಗಿರುವಾಗ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿರಿ. ಒಬ್ಬರು ಮೇಲೆ ಕುಳಿತಿರಲು ಮತ್ತೊಬ್ಬರು ಹಿಡಿದು ನಡೆಸಲಿ. ಹತ್ತು ಸುತ್ತಾದ ಮೇಲೆ ಮತ್ತೆ ಗುರುತು ಹಾಕಿ, ನಡುವಣ ನೆಲವನ್ನಳೆದು ಹತ್ತರಿಂದ ಭಾಗಿಸಿರಿ. ಉತ್ತರವು 2.2 ಮೀಟರ್ ಎಂದಿಟ್ಟುಕೊಂಡರೆ, ಒಂದು ಕಿಲೋಮೀಟರಿಗೆ ಸುಮಾರು 455 ಸುತ್ತುಗಳು. ಈ ಅಳತೆಯಲ್ಲಿ ಒಂದೇ ಒಂದು ಸೆಂಟಿಮೀಟರ್ ತಪ್ಪಿದರೆ ಕಿಲೋಮೀಟರಿಗೆ ನಾಲ್ಕೂವರೆ ಮೀಟರ್ ತಪ್ಪುವುದು. ಬಳಿಕ ಕಡ್ಡಿಗೊಂದು ಬಟ್ಟೆಯ ಚೂರನ್ನು ಕಟ್ಟಿ, ಸುತ್ತುಗಳನ್ನೆಣಿಸುತ್ತ ಮನೆಯಿಂದ ಶಾಲೆಯವರೆಗೆ ಸೈಕಲ್ಲನ್ನು ನಡೆಸಿಕೊಂಡು ಬನ್ನಿರಿ.

ಇದು ಕೇವಲ ವಿನೋದವಲ್ಲವೆಂದು ಹೆತ್ತವರಲ್ಲಿಯೂ ವಿನಂತಿಸುವೆವು. ಗಡಿನಾಡಿನಲ್ಲಿ ಕನ್ನಡ ಶಾಲೆಯು ಎಲ್ಲ ಮಕ್ಕಳ ಮನೆಯ ಮಗ್ಗುಲಲ್ಲಿ ಇರುವುದಿಲ್ಲ. ಶಾಲೆಯ ದೂರಕ್ಕೆ ಕಾನೂನಿನಲ್ಲಿಯೂ ಬೆಲೆಯುಂಟು: 2009ರ ಶಿಕ್ಷಣದ ಹಕ್ಕಿನ ಕಾಯಿದೆಗೆ ಕೇಂದ್ರ ಸರಕಾರವು 2010ರಲ್ಲಿ ಮಾಡಿದ ನಿಯಮಗಳು, ಐದನೆಯ ತರಗತಿಯವರೆಗಿನ ಮಕ್ಕಳಿಗೆ ನಡೆದು ಹೋಗುವ ಒಂದು ಕಿಲೋಮೀಟರಿನೊಳಗೆ ಶಾಲೆಯಿರಬೇಕೆನ್ನುತ್ತವೆ. ನಕಾಶೆಯ ಮೇಲೆ ಅಳತೆಪಟ್ಟಿಯಿಟ್ಟರೆ ಹಕ್ಕಿ ಹಾರುವ ದೂರ ಮಾತ್ರ ಸಿಗುತ್ತದೆ. ಮಗುವಿನ ಕಾಲು ಸವೆಸುವ ತಿರುವುಗಳನ್ನು ನೆಲದ ಮೇಲುರುಳುವ ಗಾಲಿಯೇ ಹೇಳಬೇಕು. ಬಸ್ಸನ್ನೋ ರಸ್ತೆಯನ್ನೋ ಕೇಳಿ ಮನವಿ ಬರೆಯುವಾಗ 13ನ್ನು 14 ಎಂದು ಬರೆದೆವೆನ್ನಿ. ಅಧಿಕಾರಿಗಳು ಅಳೆದು ನೋಡಿದ ದಿನ ನಮ್ಮ ನಿಜವಾದ 13ನ್ನೂ ಯಾರೂ ನಂಬರು. ಆದುದರಿಂದ ಮೊದಲು ನಮ್ಮ ಗಾಲಿಯನ್ನು ಅಳೆದುಕೊಳ್ಳೋಣ. ಆಮೇಲೆ ದಾರಿಯನ್ನು ಅಳೆಯೋಣ.