ಚರಾಕ್ಷರಗಳ ಹೆಸರಾಗಿ ಕನ್ನಡ ಲಿಪಿ

ಗಣಿತ ತಂತ್ರಾಂಶಗಳಲ್ಲಿ ಚರಾಕ್ಷರಗಳಿಗೆ ಲ್ಯಾಟಿನ್ ಅಕ್ಷರಗಳ ಬದಲು ಕನ್ನಡ ಪದಗಳನ್ನೂ ಹೆಸರಾಗಿ ನೀಡಬಹುದು. 2008ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಪೈಥಾನ್ 3 ಇದಕ್ಕೆ ಅವಕಾಶ ನೀಡುತ್ತದೆ. ಅದರಲ್ಲಿ 'ತ್ರಿಜ್ಯ'ಕ್ಕೆ ಬೆಲೆ ಕೊಟ್ಟ ಬಳಿಕ 'ವಿಸ್ತೀರ್ಣ = 3.14 * ತ್ರಿಜ್ಯ * ತ್ರಿಜ್ಯ' ಎಂದು ಬರೆದರೆ ವೃತ್ತದ ವಿಸ್ತೀರ್ಣ ದೊರೆಯುತ್ತದೆ.

ಸ್ವರಚಿಹ್ನೆ, ಒತ್ತಕ್ಷರಗಳಿಗೆ ಅಡ್ಡಿಯಿಲ್ಲ. ಕನ್ನಡ ಅಂಕಿಗಳು ಹೆಸರಿನ ಆರಂಭದಲ್ಲಿ ಬರುವಂತಿಲ್ಲ: 'ಬಾಹು೧' ಸರಿ, '೧ಬಾಹು' ತಪ್ಪು. 'ಮೀಟರ್‌ಗಳು' ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಯುನಿಕೋಡ್ ಚಿಹ್ನೆಯನ್ನು ಪೈಥಾನ್ ಹೆಸರಿನೊಳಗೆ ಒಪ್ಪುವುದಿಲ್ಲ. ಬದಲಿಗೆ 'ಮೀಟರ್_ಗಳು' ಎಂದು ಬರೆಯಬಹುದು.

ಅನುಸ್ವಾರದ ಜಾಗದಲ್ಲಿ ಸೊನ್ನೆಯನ್ನು (೦) ಬೆರಳಚ್ಚಿಸುವುದು ಇದಕ್ಕಿಂತ ಅಪಾಯಕರ. 'ಅಂಕ' ಮತ್ತು 'ಅ೦ಕ' ನೋಟಕ್ಕೆ ಒಂದೇ ಎನಿಸಿದರೂ ಗಣಕಕ್ಕೆ ಎರಡು ಪ್ರತ್ಯೇಕ ಚರಾಕ್ಷರಗಳು. ಎರಡೂ ಸಿಂಧುವಾದ ಹೆಸರುಗಳಾದ್ದರಿಂದ ದೋಷಸೂಚನೆಯೇ ಇಲ್ಲದೆ ಲೆಕ್ಕ ತಪ್ಪಬಹುದು.