ಕಾಣಿಕೆಗೂ ಮೊದಲು ಮನಶ್ಶುದ್ಧಿ

ಹೊಸೂರಿನ ಬಳಿಯ ತೊರಪಲ್ಲಿ ಅಗ್ರಹಾರವೆಂದೊಡನೆ 1878ರಲ್ಲಿ ಅಲ್ಲಿ ಜನಿಸಿದ ರಾಜಾಜಿಯವರು ನಮ್ಮ ನೆನಪಿಗೆ ಬರುತ್ತಾರೆ. ಅವರ ಆಪ್ತರೂ ಬೀಗರೂ ಆಗಿದ್ದ ಗಾಂಧೀಜಿಯವರ ಮನಸ್ಸನ್ನು ಯೇಸುಸ್ವಾಮಿಯ ಗಿರಿಪ್ರವಚನವು ಬಹುವಾಗಿ ಸೆಳೆದಿತ್ತು.

ಆ ಪ್ರವಚನವು ಪ್ರಾರ್ಥನೆಗೆ ಬಯಸುವ ಶುದ್ಧಿ ಸ್ನಾನ-ಮಡಿಗಳದಲ್ಲ, ಹೃದಯದ್ದು. ಬಲಿಪೀಠದ ಮುಂದೆ ನಿಂತಾಗ, ಸೋದರನಿಗೆ ನಮ್ಮ ಮೇಲೆ ಮನಸ್ತಾಪವಿರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನೊಡನೆ ಸಮಾಧಾನವಾಗಬೇಕೆಂದು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯವು ವಿಧಿಸುತ್ತದೆ. ನಮ್ಮ ಕೋಪವಷ್ಟೇ ಅಲ್ಲ, ನಮ್ಮಿಂದ ನೊಂದವನ ಅಳಲೂ ಪ್ರಾರ್ಥನೆಗೆ ಅಡ್ಡಿಯೆಂದು ಇದರ ತಾತ್ಪರ್ಯ. ಕ್ಯಾಥೊಲಿಕರ ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಮುನ್ನ ಪರಸ್ಪರ ಶಾಂತಿ ಕೋರುವ ಕ್ರಮವಿದೆ.

ಹೊಲದ ಬದುವಿಗಾಗಿ ದಾಯಾದಿಗಳಲ್ಲಿ ಮಾತು ನಿಂತ ಮನೆಗಳು ನಮ್ಮ ಊರುಗಳಲ್ಲಿ ಇಲ್ಲದಿಲ್ಲ. ಅಂಥವರು ದೇವಾಲಯಕ್ಕೆ ಹೋಗುವ ಮುನ್ನ ಅಣ್ಣತಮ್ಮಂದಿರ ಬಾಗಿಲು ತಟ್ಟಲಿ. ಪ್ರಾರ್ಥನೆ ಅಲ್ಲಿಂದಲೇ ಆರಂಭವಾಗುವುದು.